‘ಹುಡುಕಿದೆವು, ಸಿಗಲಿಲ್ಲ’: ಸೋಲನ್ನೂ ದಾಖಲಿಸುವ ಒಂದು ಆಟ

ಆಟಗಳೆಲ್ಲವೂ ಗೆಲುವಿನ ಲೆಕ್ಕವನ್ನು ಇಡುತ್ತವೆ. ಸೋತವನು ತನ್ನ ಸೋಲಿನ ವಿವರವನ್ನು ತಾನೇ ಬರೆದು, ದಿನಾಂಕ ನಮೂದಿಸಿ, ಮುಂದೆ ಬರುವವರ ಉಪಯೋಗಕ್ಕೆಂದು ಬಿಟ್ಟುಹೋಗಬೇಕೆಂದು ಅಪೇಕ್ಷಿಸುವ ಆಟಗಳು ಮಾತ್ರ ವಿರಳ. ಅಂತಹ ವಿರಳ ಆಟಗಳಲ್ಲಿ ಜಿಯೋಕ್ಯಾಶಿಂಗ್ ಒಂದು. ನಮ್ಮ ದೇಶದಲ್ಲಿ ಇದರ ಪ್ರಚಾರ ಕಡಿಮೆ; ಅಮೆರಿಕ, ಜರ್ಮನಿ, ಬ್ರಿಟನ್ ಮುಂತಾದ ದೇಶಗಳಲ್ಲಿ ಮಾತ್ರ ಇದು ಕುಟುಂಬಸಮೇತ ಆಡುವ ಜನಪ್ರಿಯ ಹವ್ಯಾಸ. ಈ ಆಟದಲ್ಲಿ ವಿಫಲವಾದ ಹುಡುಕಾಟವನ್ನು ಹೇಗೆ ದಾಖಲಿಸುತ್ತಾರೆ, ಹಾಗೆ ದಾಖಲಿಸುವಾಗ ಆಟಗಾರರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ. ಮಕ್ಕಳಿಗೆ ಕಲಿಸುವವರೆಲ್ಲರೂ ಯೋಚಿಸಬೇಕಾದ ಒಂದು ವಿಷಯ ಇದರಲ್ಲಿ ಅಡಗಿದೆ ಎಂಬುದು ನಮ್ಮ ನಂಬಿಕೆ.

ಆಟ ಹುಟ್ಟಿದ ಬಗೆ

ಬಾಹ್ಯಾಕಾಶದಲ್ಲಿ ಸುತ್ತುವ ಉಪಗ್ರಹಗಳ ನೆರವಿನಿಂದ ಭೂಮಿಯ ಮೇಲಿನ ಸ್ಥಾನವನ್ನು ಗುರುತಿಸುವ ಜಿಪಿಎಸ್ ವ್ಯವಸ್ಥೆಯನ್ನು ಅಮೆರಿಕದ ಸೇನೆ ರೂಪಿಸಿತು. ಜನಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷವನ್ನು ಬೆರೆಸಲಾಗುತ್ತಿತ್ತು; ಅದರಿಂದ ತೋರುವ ಸ್ಥಾನ ಸುಮಾರು 100 ಮೀಟರಿನವರೆಗೂ ತಪ್ಪಬಹುದಿತ್ತು. 2000ನೆಯ ಇಸವಿಯ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ಈ ದೋಷವನ್ನು ತೆಗೆದುಹಾಕುವುದಾಗಿ ಪ್ರಕಟಿಸಿದರು. ಎರಡೇ ದಿನಗಳಲ್ಲಿ, ಅಂದರೆ ಮೇ 3ರಂದು, ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಡೇವ್ ಅಲ್ಮರ್ ಎಂಬವರು ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಇರಿಸಿ, ಆ ಸ್ಥಳದ ಅಕ್ಷಾಂಶ-ರೇಖಾಂಶಗಳನ್ನು ಅಂತರ್ಜಾಲದ ಚರ್ಚಾಗುಂಪಿನಲ್ಲಿ ಪ್ರಕಟಿಸಿದರು. ಪುಸ್ತಕ, ವಿಡಿಯೊ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಮುಂತಾದವು ಅದರಲ್ಲಿದ್ದವು. ಅದನ್ನು ಮೊದಲು ಕಂಡುಕೊಂಡವರು ಮೈಕ್ ಟೀಗ್. ಅದೇ ತಿಂಗಳು ಮ್ಯಾಟ್ ಸ್ಟಮ್ ಎಂಬವರು ‘ಜಿಯೋಕ್ಯಾಶಿಂಗ್’ ಎಂಬ ಹೆಸರನ್ನು ಸೂಚಿಸಿದರು. ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಅವರು ಇದಕ್ಕೆಂದೇ ಒಂದು ಜಾಲತಾಣವನ್ನು ಆರಂಭಿಸಿದರು. ಇಂದು ಜಗತ್ತಿನಾದ್ಯಂತ ಇಂತಹ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳು ಬಚ್ಚಿಡಲ್ಪಟ್ಟಿವೆ.

ಆಟದ ನಿಯಮ ಸರಳ. ಒಬ್ಬರು ಡಬ್ಬಿಯನ್ನು ಅಡಗಿಸಿಟ್ಟು ಸ್ಥಾನದ ಅಂಕಿಗಳನ್ನು ಪ್ರಕಟಿಸುತ್ತಾರೆ. ಮತ್ತೊಬ್ಬರು ಮೊಬೈಲನ್ನೋ ಜಿಪಿಎಸ್ ಉಪಕರಣವನ್ನೋ ಹಿಡಿದು ಹೋಗಿ ಅದನ್ನು ಹುಡುಕಿ, ಒಳಗಿರುವ ಕಿರುಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಮನೆಗೆ ಬಂದ ಬಳಿಕ ಆ ಡಬ್ಬಿಯ ಪುಟದಲ್ಲಿ ತಮ್ಮ ಅನುಭವವನ್ನು ದಾಖಲಿಸುತ್ತಾರೆ. ಸಿಕ್ಕಿದ್ದರೆ ‘ಸಿಕ್ಕಿತು’ ಎಂದು, ಸಿಗದಿದ್ದರೆ ‘ಸಿಗಲಿಲ್ಲ’ ಎಂದು. ಈ ಎರಡನೆಯ ದಾಖಲೆಗೆ ಆಟಗಾರರ ಬಾಯಲ್ಲಿ ‘ಡಿಎನ್‌ಎಫ್’ ಎಂದು ಹೆಸರು.

ಅಂಕಿಯಿದ್ದೂ ಸಿಗದಿರುವುದೇಕೆ?

ಸ್ಥಾನದ ಅಂಕಿಗಳೇ ಕೈಯಲ್ಲಿರುವಾಗ ಡಬ್ಬಿ ಸಿಗದಿರಲು ಹೇಗೆ ಸಾಧ್ಯ ಎಂದು ಓದುಗರು ಕೇಳಬಹುದು. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಅದರ ಅರವತ್ತನೆಯ ಒಂದು ಭಾಗವಾದ ಮಿನಿಟು ಸುಮಾರು 1.85 ಕಿಲೋಮೀಟರ್. ಈ ಆಟದಲ್ಲಿ ಮಿನಿಟಿನ ಸಾವಿರದ ಒಂದು ಭಾಗದವರೆಗೆ, ಅಂದರೆ ಎರಡು ಮೀಟರಿಗಿಂತ ಕಡಿಮೆ ಅಂತರದವರೆಗೆ ಅಂಕಿಗಳನ್ನು ಬರೆಯುತ್ತಾರೆ. ಆದರೆ ಬರೆದ ಅಂಕಿ ಸೂಕ್ಷ್ಮವಾಗಿದ್ದ ಮಾತ್ರಕ್ಕೆ ಉಪಕರಣವೂ ಅಷ್ಟೇ ಸೂಕ್ಷ್ಮವಾಗಿರಬೇಕೆಂದಿಲ್ಲ. ಬಯಲಿನಲ್ಲಿ ನಿಂತರೂ ಮೊಬೈಲು ತೋರಿಸುವ ಸ್ಥಾನ ಸುಮಾರು ಐದು ಮೀಟರಿನಷ್ಟು ಆಚೀಚೆಯಾಗುತ್ತದೆ. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ, ಕಣಿವೆಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಅಡಗಿಸಿದವರ ಉಪಕರಣದ ದೋಷವೂ ಹುಡುಕುವವರ ಉಪಕರಣದ ದೋಷವೂ ಕೂಡಿಕೊಂಡು ಹತ್ತು ಮೀಟರ್ ಆಯಿತೆಂದು ಭಾವಿಸೋಣ. ಹತ್ತು ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 314 ಚದರ ಮೀಟರ್. ಕಾಸರಗೋಡಿನವರ ಲೆಕ್ಕದಲ್ಲಿ ಹೇಳುವುದಾದರೆ ಅದು ಎಂಟು ಸೆಂಟ್ಸಿಗೆ ತುಸು ಕಡಿಮೆ. ಸೊಲ್ಲಾಪುರದವರ ಲೆಕ್ಕದಲ್ಲಿ ಸುಮಾರು ಮೂರು ಗುಂಟೆ. ಒಂದು ಮನೆ ಕಟ್ಟಿಸಬಹುದಾದಷ್ಟು ಜಾಗ! ಅದರಲ್ಲಿ ಹುಡುಕಬೇಕಾದ ಡಬ್ಬಿಯೋ ಕೆಲವೊಮ್ಮೆ ಬೆರಳ ತುದಿಯಷ್ಟೇ ಇರುತ್ತದೆ. ಅಯಸ್ಕಾಂತದಿಂದ ಕಬ್ಬಿಣದ ಬೇಲಿಯ ಹಿಂಬದಿಗೆ ಅಂಟಿಕೊಂಡದ್ದು, ಟೊಳ್ಳು ಬೋಲ್ಟಿನ ರೂಪದಲ್ಲಿರುವುದು, ಮರದ ತೊಗಟೆಯಂತೆ ಬಣ್ಣ ಬಳಿದದ್ದು, ಹೀಗೆ ನಾನಾ ಬಗೆ.

ಇದಲ್ಲದೆ ಡಬ್ಬಿಯೇ ಅಲ್ಲಿ ಇಲ್ಲದಿರಬಹುದು. ನೆರೆಗೆ ಕೊಚ್ಚಿಹೋಗಿರಬಹುದು, ರಸ್ತೆ ಅಗಲೀಕರಣದಲ್ಲಿ ಮರದೊಂದಿಗೆ ಹೋಗಿರಬಹುದು, ಪ್ರಾಣಿಗಳು ಎಳೆದೊಯ್ದಿರಬಹುದು. ಆಟದ ಅರಿವಿಲ್ಲದ ದಾರಿಹೋಕರು ಕಸವೆಂದು ಎಸೆದಿರಲೂ ಸಾಕು. ಅಂತಹವರನ್ನು ಆಟಗಾರರು ಹ್ಯಾರಿ ಪಾಟರ್ ಕಥೆಗಳಿಂದ ಎರವಲು ಪಡೆದ ‘ಮಗಲ್’ ಎಂಬ ಹೆಸರಿನಿಂದ ಕರೆಯುತ್ತಾರೆ. ಅಂದರೆ ‘ಸಿಗಲಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ: ಇದ್ದರೂ ಕಾಣದಿರುವುದು, ಇಲ್ಲದ್ದರಿಂದ ಕಾಣದಿರುವುದು. ಹುಡುಕುವವನು ಆ ಹೊತ್ತಿನಲ್ಲಿ ಇವೆರಡರ ವ್ಯತ್ಯಾಸವನ್ನು ಅರಿಯಲಾರ. ಈ ಹವ್ಯಾಸದ ಸಂಕಟವೂ ಸ್ವಾರಸ್ಯವೂ ಇಲ್ಲಿಯೇ ಇದೆ.

ದಾಖಲೆಯ ಉಪಯೋಗ

ಸಿಕ್ಕಿದ ಡಬ್ಬಿಗೆ ನಕ್ಷೆಯಲ್ಲಿ ಹಳದಿ ಬಣ್ಣದ ನಗುಮುಖ ಮೂಡುತ್ತದೆ; ಸಿಗದ ಡಬ್ಬಿಗೆ ನೀಲಿ ಬಣ್ಣದ ಸಪ್ಪೆಮುಖ. ಹಳದಿ ಮುಖಗಳ ಸಂಖ್ಯೆಯೇ ಆಟಗಾರನ ಸಾಧನೆಯೆಂದು ಎಲ್ಲರ ಕಣ್ಣಿಗೆ ಬೀಳುತ್ತದೆ. ನೀಲಿ ಮುಖದಿಂದ ಆ ಎಣಿಕೆಗೆ ಏನೂ ಸೇರುವುದಿಲ್ಲ. ಹಾಗಿದ್ದರೂ ಅದನ್ನು ಬರೆಯಬೇಕೇಕೆ?

ಮೊದಲನೆಯದಾಗಿ, ಡಬ್ಬಿಯನ್ನು ಇಟ್ಟವರು ಪ್ರತಿದಿನ ಅಲ್ಲಿಗೆ ಹೋಗಿ ನೋಡಲಾರರು. ಅವರ ಪಾಲಿಗೆ ಹುಡುಕುವವರ ಬರಹಗಳೇ ಕಣ್ಣು. ಎರಡನೆಯದಾಗಿ, ಮುಂದೆ ಹೊರಡುವವರು ಈ ದಾಖಲೆಗಳನ್ನು ಓದಿಯೇ ನಿರ್ಧಾರ ಮಾಡುತ್ತಾರೆ. ಇಲ್ಲಿ ಓದುವ ಕ್ರಮವೂ ಮುಖ್ಯ. ಪ್ರತಿ ಡಬ್ಬಿಗೂ ಅಡಗಿಸುವಿಕೆಯ ಕಷ್ಟ ಎಷ್ಟು, ದಾರಿಯ ಕಷ್ಟ ಎಷ್ಟು ಎಂದು 1ರಿಂದ 5ರವರೆಗೆ ಪ್ರತ್ಯೇಕ ಅಂಕಗಳಿರುತ್ತವೆ. ಕಷ್ಟದ ಅಂಕ 4.5 ಇರುವ ಡಬ್ಬಿಯ ಪುಟದಲ್ಲಿ ಮೂರು ‘ಸಿಗಲಿಲ್ಲ’ಗಳಿದ್ದರೆ ಅದು ಸಹಜ, ಅಡಗಿಸಿದವರ ಜಾಣ್ಮೆಗೆ ಸಂದ ಗೌರವವೆಂದೂ ಹೇಳಬಹುದು. ಅದೇ 1.5 ಅಂಕದ ಡಬ್ಬಿ ಹಿಂದೆ ಇಪ್ಪತ್ತು ಮಂದಿಗೆ ಸುಲಭವಾಗಿ ಸಿಕ್ಕಿ, ಈಗ ಸಾಲಾಗಿ ಮೂವರಿಗೆ ಸಿಗದಿದ್ದರೆ ಅದು ಕಾಣೆಯಾಗಿರುವ ಸಂಭವವೇ ಹೆಚ್ಚು. ಒಂದು ಸೋಲಿನಿಂದ ಏನೂ ಖಚಿತವಾಗದು; ಪ್ರಾಮಾಣಿಕವಾಗಿ ಬರೆದ ಹಲವು ಸೋಲುಗಳು ಒಟ್ಟುಗೂಡಿದಾಗ ಅದು ಜ್ಞಾನವಾಗುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ಊಹಿಸಿಕೊಳ್ಳಿ. ಐವರು ಹೋಗಿ ಹುಡುಕಿ ಬರಿಗೈಯಲ್ಲಿ ಮರಳಿ ಸುಮ್ಮನಿದ್ದರು. ಪುಟದಲ್ಲಿ ಕೊನೆಯ ದಾಖಲೆ ‘ಸಿಕ್ಕಿತು’ ಎಂದೇ ಉಳಿಯಿತು. ಆರನೆಯವರು ಮಕ್ಕಳನ್ನು ಕರೆದುಕೊಂಡು ನೂರು ಕಿಲೋಮೀಟರ್ ದೂರದಿಂದ ಬಂದು, ಇಲ್ಲದ ಡಬ್ಬಿಗಾಗಿ ಬಿಸಿಲಿನಲ್ಲಿ ಎರಡು ಗಂಟೆ ಅಲೆದರು. ಐವರಲ್ಲಿ ಯಾರೂ ಸುಳ್ಳು ಹೇಳಿದವರಲ್ಲ. ಆದರೂ ಅವರ ಮೌನಗಳು ಕೂಡಿ ಒಂದು ಸುಳ್ಳನ್ನು ನಿರ್ಮಿಸಿದವು.

ಮನಸ್ಸಿನ ಮಾತು

ಇಷ್ಟು ಪ್ರಯೋಜನವಿದ್ದರೂ ಬರೆಯಲು ಹಿಂಜರಿಯುವವರು ಬಹಳ. ಮುಖ್ಯ ಕಾರಣ ನಾಚಿಕೆ. ಎಲ್ಲರಿಗೂ ಸಿಕ್ಕಿದ್ದು ತಮಗೆ ಮಾತ್ರ ಸಿಗಲಿಲ್ಲವೆಂದು ಊರ ಮುಂದೆ ಹೇಳಿಕೊಳ್ಳುವುದು ಹೇಗೆ ಎಂಬ ಸಂಕೋಚ ಹೊಸಬರನ್ನು ವಿಶೇಷವಾಗಿ ಕಾಡುತ್ತದೆ. ಮರುವಾರ ಹೋಗಿ ಸಿಕ್ಕಿದ ಮೇಲೆ ಒಟ್ಟಿಗೆ ಬರೆದರಾಯಿತೆಂದು ಮುಂದೂಡುವವರೂ ಇದ್ದಾರೆ. ಅನುಭವಿಗಳಲ್ಲಿ ಅನೇಕರ ರೀತಿ ಬೇರೆ. ಮೂರನೆಯ ಸಲವೂ ಸೋತ ಕಥೆಯನ್ನು ಅವರು ಹಾಸ್ಯದೊಂದಿಗೆ ವಿಸ್ತಾರವಾಗಿ ಬರೆಯುತ್ತಾರೆ: ಮುಳ್ಳಿಗೆ ಸಿಕ್ಕಿದ ಅಂಗಿ, ಅನುಮಾನದಿಂದ ನೋಡಿದ ಕಾವಲುಗಾರ, ಇದ್ದಕ್ಕಿದ್ದಂತೆ ಸುರಿದ ಮಳೆ. ‘ಸಿಕ್ಕಿತು, ಧನ್ಯವಾದ’ ಎಂಬ ಒಂದು ಸಾಲಿಗಿಂತ ಇಂತಹ ಬರಹವನ್ನೇ ಡಬ್ಬಿಯಿಟ್ಟವರು ಹೆಚ್ಚು ಸಂತೋಷದಿಂದ ಓದುತ್ತಾರೆ. ಹುಡುಕುವ ಬಳ್ಳಿ ಕಾಲಿಗೆ ತೊಡರಿದಾಗ ಹೇಳಲು ಕಥೆಯೇ ಇರುವುದಿಲ್ಲವಷ್ಟೆ.

ಯಾವುದನ್ನು ‘ಹುಡುಕಾಟ’ ಎನ್ನಬೇಕೆಂಬ ಬಗೆಗೂ ಆಟಗಾರರಲ್ಲಿ ಒಮ್ಮತವಿಲ್ಲ. ಮನೆಯಿಂದ ಹೊರಟು ಡಬ್ಬಿಯಿಲ್ಲದೆ ಮರಳಿದರೆ, ನಡುದಾರಿಯಲ್ಲಿ ಮಳೆ ತಡೆದಿದ್ದರೂ ಅದು ‘ಸಿಗಲಿಲ್ಲ’ವೇ ಎನ್ನುವವರಿದ್ದಾರೆ. ಸ್ಥಳಕ್ಕೆ ತಲುಪಿ ಕೈಯಾಡಿಸಿ ನೋಡಿದ್ದರೆ ಮಾತ್ರ ಬರೆಯಬೇಕು, ಇಲ್ಲವಾದರೆ ಅದು ಓದುವವರನ್ನು ತಪ್ಪುದಾರಿಗೆಳೆಯುತ್ತದೆ ಎನ್ನುವುದು ಇನ್ನೊಂದು ಪಕ್ಷ. ಸ್ಥಳಕ್ಕೇ ತಲುಪದವರು ಸೋಲುಗೆಲುವಿನ ಪ್ರಸ್ತಾಪವಿಲ್ಲದ ‘ಟಿಪ್ಪಣಿ’ಯೆಂಬ ಬೇರೆ ಬಗೆಯ ದಾಖಲೆಯನ್ನು ಬಳಸಲಿ ಎಂಬುದು ಅವರ ಸಲಹೆ. ಎರಡೂ ವಾದಗಳಲ್ಲಿ ನ್ಯಾಯವಿದೆ. ಏನು ನಡೆಯಿತೆಂದು ನಾಲ್ಕು ಮಾತು ಬರೆದರೆ ಈ ಜಗಳವೇ ಉಳಿಯದು.

ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಅಳುಕು ಸೇರಿಕೊಂಡಿದೆ. ಡಬ್ಬಿಯ ಸ್ಥಿತಿಗತಿಯನ್ನು ಅಂದಾಜಿಸಲು ಜಾಲತಾಣವು ಒಂದು ಗಣನೆಯನ್ನು ಅಳವಡಿಸಿಕೊಂಡಿದೆ. ‘ಸಿಗಲಿಲ್ಲ’ ದಾಖಲೆಗಳು, ದುರಸ್ತಿಯ ಕೋರಿಕೆಗಳು, ಕಷ್ಟದ ಅಂಕಗಳು ಮುಂತಾದವನ್ನು ಅದು ಪರಿಗಣಿಸುತ್ತದೆ. ಅಂದಾಜು ಕೆಳಗಿಳಿದರೆ ಇಟ್ಟವರಿಗೆ ಎಚ್ಚರಿಕೆಯ ಪತ್ರ ಹೋಗುತ್ತದೆ. ಸ್ಪಂದಿಸದಿದ್ದರೆ ಕ್ರಮೇಣ ಪರಿಶೀಲಕರು ಆ ಡಬ್ಬಿಯನ್ನು ಪಟ್ಟಿಯಿಂದ ತೆಗೆಯಬಹುದು. ತಮ್ಮ ಒಂದು ‘ಸಿಗಲಿಲ್ಲ’ದಿಂದ ಯಾರದೋ ಒಳ್ಳೆಯ ಡಬ್ಬಿಗೆ ಕುತ್ತು ಬಂದೀತೆಂದು ಕೆಲವರು ಬರೆಯದೇ ಬಿಡುತ್ತಾರೆ. ಮಾಹಿತಿಗಾಗಿ ಇದ್ದದ್ದು ದೂರಾಗಿ ಪರಿಣಮಿಸುವಾಗ ಜನ ಬಾಯಿ ಮುಚ್ಚಿಕೊಳ್ಳುವುದು ಆಟಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ.

ಇನ್ನು ಕೆಲವರು ಸೋಲನ್ನು ಬರೆಯುವ ಬದಲು ಜೇಬಿನಲ್ಲಿದ್ದ ಬೇರೊಂದು ಡಬ್ಬಿಯನ್ನು ಅಲ್ಲಿಟ್ಟು ‘ಸಿಕ್ಕಿತು’ ಎಂದು ಬರೆದುಬಿಡುತ್ತಾರೆ. ಹಳೆಯದು ಅಲ್ಲೇ ಎರಡಡಿ ಆಚೆ ಇದ್ದರೆ ಒಂದೇ ಸ್ಥಳದಲ್ಲಿ ಎರಡು ಡಬ್ಬಿಗಳಾಗುತ್ತವೆ. ಬಂದವರಿಗೆ ಯಾವುದು ನಿಜವೆಂದು ತಿಳಿಯದು. ಇಟ್ಟವರ ಜಾಣ್ಮೆಯೂ ವ್ಯರ್ಥವಾಗುತ್ತದೆ. ಉಪಕಾರದ ವೇಷ ತೊಟ್ಟ ಈ ಅಭ್ಯಾಸವನ್ನು ಆಟದ ಹಿರಿಯರು ಒಪ್ಪುವುದಿಲ್ಲ.

ವಿಜ್ಞಾನದಲ್ಲಿಯೂ ತರಗತಿಯಲ್ಲಿಯೂ

ವಿಜ್ಞಾನವೂ ಇದೇ ತೊಡಕನ್ನು ಎದುರಿಸುತ್ತಿದೆ. ಬೆಳಕಿನ ಅಲೆಗಳನ್ನು ಸಾಗಿಸುತ್ತದೆಂದು ನಂಬಲಾಗಿದ್ದ ‘ಈಥರ್’ ಎಂಬ ಮಾಧ್ಯಮದಲ್ಲಿ ಭೂಮಿಯ ಚಲನೆಯನ್ನು ಪತ್ತೆಮಾಡಲು ಮೈಕಲ್‌ಸನ್ ಮತ್ತು ಮಾರ್ಲಿ 1887ರಲ್ಲಿ ಅತಿಸೂಕ್ಷ್ಮ ಪ್ರಯೋಗ ನಡೆಸಿದರು. ಅವರು ನಿರೀಕ್ಷಿಸಿದ ಪರಿಣಾಮ ಕಾಣಲಿಲ್ಲ. ಕಾಣಲಿಲ್ಲವೆಂದೇ ಅವರು ಪ್ರಕಟಿಸಿದರು. ಭೌತವಿಜ್ಞಾನದ ಚರಿತ್ರೆಯಲ್ಲಿ ಆ ಪ್ರಯೋಗಕ್ಕೆ ಇಂದಿಗೂ ಎತ್ತರದ ಸ್ಥಾನವಿದೆ. ಆದರೆ ಹೆಚ್ಚಿನ ವಿಫಲ ಪ್ರಯೋಗಗಳಿಗೆ ಆ ಭಾಗ್ಯವಿಲ್ಲ. ಫಲ ಕಾಣದ ಅಧ್ಯಯನಗಳು ಮೇಜಿನ ಖಾನೆಯಲ್ಲೇ ಉಳಿದು, ಫಲ ಕಂಡವು ಮಾತ್ರ ಅಚ್ಚಾದರೆ ಒಟ್ಟು ಚಿತ್ರವೇ ತಪ್ಪಾಗುತ್ತದೆಂದು ಮನೋವಿಜ್ಞಾನಿ ರಾಬರ್ಟ್ ರೋಸೆಂಥಾಲ್ 1979ರಲ್ಲಿ ಎಚ್ಚರಿಸಿದರು.

ನಮ್ಮ ತರಗತಿಗಳಲ್ಲಿ ಈ ಖಾನೆ ಇನ್ನೂ ಆಳವಾದುದು. ಪ್ರಯೋಗದ ಉತ್ತರ ಪಠ್ಯಪುಸ್ತಕದ ಅಂಕಿಗೆ ಹೊಂದದಿದ್ದರೆ ವಿದ್ಯಾರ್ಥಿ ತಾನು ಕಂಡದ್ದನ್ನು ಅಳಿಸಿ, ಪಕ್ಕದವನ ಪುಸ್ತಕ ನೋಡಿ ‘ಸರಿಯಾದ’ ಅಂಕಿಯನ್ನು ಬರೆಯುತ್ತಾನೆ. ಮಕ್ಕಳನ್ನು ಊರಿನ ಹಳೆಯ ವೀರಗಲ್ಲನ್ನೋ ಕೆರೆಯ ತೂಬನ್ನೋ ಹುಡುಕಿಬರಲು ಕಳುಹಿಸಿದರೆ, ಕಾಣದವರ ಪುಟ ಖಾಲಿಯಾಗಿಯೇ ಬರುತ್ತದೆ. ಆ ಖಾಲಿ ಪುಟದಿಂದ ಮಗು ಹುಡುಕಿತೋ ಇಲ್ಲವೋ, ಕಲ್ಲು ಮಣ್ಣಿನಡಿ ಹೋಯಿತೋ, ಯಾರಾದರೂ ಕೊಂಡೊಯ್ದರೋ ಯಾವುದೂ ತಿಳಿಯದು. ಸಿಕ್ಕವರಿಗೆ ಮಾತ್ರ ಅಂಕ ಕೊಡುವ ನಮ್ಮ ಪದ್ಧತಿಯೇ ಆ ಪುಟವನ್ನು ಖಾಲಿಯಾಗಿಸಿದೆ.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ಸಲಹೆ. ಶಾಲೆಯ ಆವರಣದಲ್ಲಿಯೇ ಎರಡು-ಮೂರು ಡಬ್ಬಿಗಳನ್ನು ಅಡಗಿಸಿ, ಮೊಬೈಲಿನ ನೆರವಿನಿಂದ ಅಕ್ಷಾಂಶ-ರೇಖಾಂಶಗಳ ಪಾಠವನ್ನು ಹೀಗೆ ಆಡಿಸಬಹುದು. ಅವುಗಳಲ್ಲಿ ಒಂದನ್ನು ಆಟಕ್ಕೆ ಮೊದಲೇ ಗುಟ್ಟಾಗಿ ತೆಗೆದುಬಿಡಿ. ಸಿಗದ ತಂಡದವರು ನಾಲ್ಕು ವಿಷಯಗಳನ್ನು ಬರೆಯಲಿ: ಯಾವಾಗ ಹುಡುಕಿದರು, ಎಲ್ಲೆಲ್ಲಿ ನೋಡಿದರು, ಎಷ್ಟು ಹೊತ್ತು ನೋಡಿದರು, ಏನು ಅಡ್ಡಿಯಾಯಿತು. ಎಲ್ಲ ತಂಡಗಳ ಪುಟಗಳನ್ನು ಕಪ್ಪುಹಲಗೆಯ ಮೇಲೆ ಒಟ್ಟಿಗೆ ಇರಿಸಿ, ಡಬ್ಬಿ ಅಲ್ಲಿದೆಯೇ ಇಲ್ಲವೇ ಎಂದು ಮಕ್ಕಳನ್ನೇ ಕೇಳಿ. ಅವರು ಸರಿಯಾದ ಉತ್ತರಕ್ಕೆ ತಲುಪಿದರೆ, ಆ ಉತ್ತರ ಸೋತ ತಂಡಗಳ ಬರಹದಿಂದಲೇ ಬಂದಿರುತ್ತದೆ. ಆ ಪುಟಗಳಿಗೂ ಪೂರ್ಣ ಅಂಕ ಕೊಡಿ.