ಗಾಯರಾಣ ಯಾರದು?

ಗೋಕಾಕ ತಾಲ್ಲೂಕಿನ ಮಮದಾಪುರದಂಥ ನಮ್ಮ ಕಡೆಯ ಊರುಗಳಲ್ಲಿ ದನ ಮೇಯಲು ಬಿಟ್ಟ ನೆಲಕ್ಕೆ ಗಾಯರಾಣವೆನ್ನುತ್ತೇವೆ. ‘ಸರ್ಕಾರದ್ದು, ಎಂದರೆ ಯಾರದೂ ಅಲ್ಲ’ ಎಂಬ ಮಾತನ್ನು ನಾನು ಬಾಲ್ಯದಿಂದಲೂ ಕೇಳಿದ್ದೇನೆ. ಕಾನೂನು ಹಾಗೆನ್ನುವುದಿಲ್ಲ. ನೂರು ದನಗಳಿಗೆ 12 ಹೆಕ್ಟೇರ್ ಎಂದು 1966ರ ಭೂಕಂದಾಯ ನಿಯಮಗಳು ಗೊತ್ತುಪಡಿಸಿವೆ. ನ್ಯಾಯಸಂಹಿತೆಯ ಅತಿಕ್ರಮ ಪ್ರವೇಶಕ್ಕೆ ದುರುದ್ದೇಶ ಸಿದ್ಧವಾಗಬೇಕು, ಇಲ್ಲಿ ಹಾಗಲ್ಲ. ಅಪ್ಪಣೆಯಿಲ್ಲದೆ ಉತ್ತರೆ ಸಾಕು, 1964ರ ಭೂಕಂದಾಯ ಅಧಿನಿಯಮದ 94ನೆಯ ಕಲಮು ಒಕ್ಕಲೆಬ್ಬಿಸಬಲ್ಲದು, ಬೆಳೆಯೂ ಜಪ್ತಿಯಾದೀತು.

ಉತ್ತವನು ಭೂಹೀನನಾಗಿದ್ದರೆ? ಅವನಿಗೆಂದೇ ‘ಬಗರ್ ಹುಕುಂ’ ಸಕ್ರಮ ಬಂದಿತು, ಅದು ನ್ಯಾಯವೇ. ಆದರೆ 1990ರ ಏಪ್ರಿಲ್ 14ಕ್ಕೆ ನಿಂತಿದ್ದ ಗಡುವು 2018ರ ತಿದ್ದುಪಡಿಯಿಂದ 2005ರ ಜನವರಿ 1ಕ್ಕೆ ಸರಿಯಿತು. ಉತ್ತವನು ಅರ್ಜಿ ಬರೆದಾನು, ಎಮ್ಮೆಯ ಪರವಾಗಿ ಬರೆಯುವವರಾರು? ಕೇಳುಗರೆ, ನಿಮ್ಮೂರ ಗಾಯರಾಣದ ಉತಾರವನ್ನೊಮ್ಮೆ ತೆಗೆಸಿ, ದನಗಳನ್ನು ಎಣಿಸಿ ನೋಡಿ.