ತೋಟದ ಕೋವಿ ಮತ್ತು ಕೋವಿ ಅಂಗಡಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ತೋಟಗಳಲ್ಲಿ ಕೋವಿಯೆಂಬುದು ಶೋಕಿಯ ವಸ್ತುವಲ್ಲ. ಕತ್ತಿ, ಹಾರೆ, ದೋಟಿಗಳ ಸಾಲಿಗೆ ಸೇರಿದ ಸಾಧನ. ಮಂಗಗಳ ಹಿಂಡು ಎಳೆ ಅಡಿಕೆಗೂ ಸೀಯಾಳಕ್ಕೂ ಕೈಹಾಕಿದಾಗ ಒಂದು ಈಡಿನ ಸದ್ದೇ ನಮಗೆ ಆಸರೆ. ಆದರೆ ಆ ಕೋವಿಗೆ ತೋಟೆ ಒದಗಿಸುವ, ಕೆಟ್ಟರೆ ರಿಪೇರಿ ಮಾಡಿಕೊಡುವ ಅಂಗಡಿಯವರ ಪಾಡನ್ನು ನಾವು ಯೋಚಿಸುವುದು ಕಡಿಮೆ.

1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಮಾರಾಟಕ್ಕೂ ರಿಪೇರಿಗೂ ಪರವಾನಗಿ ಬೇಕು. ದಾಸ್ತಾನಿಗೆ ಮಿತಿಯಿದೆ, ಪ್ರತಿ ತೋಟೆಗೂ ಲೆಕ್ಕವಿದೆ. ಗಿರಾಕಿಯ ಪರವಾನಗಿ ನೋಡದೆ, ಅದರಲ್ಲಿ ಬರೆಯದೆ ಒಂದು ತೋಟೆಯನ್ನೂ ಕೊಡುವಂತಿಲ್ಲ. ಇದರ ಮೇಲೆ ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲ: ನಳಿಗೆಗೆ ತುಕ್ಕು, ಕೇಪಿನ ಕೋವಿಯ ಮದ್ದಿಗೆ ತೇವ. ಗಿರಾಕಿಗಳಾದರೋ ವರ್ಷಕ್ಕೊಮ್ಮೆ ಬರುವವರು.

ಚುನಾವಣೆ ಬಂತೆಂದರೆ ಆ ವ್ಯಾಪಾರವೂ ನಿಲ್ಲುತ್ತದೆ. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಯಿತು. ಕುಂದಾಪುರ ಕ್ಷೇತ್ರದಲ್ಲಿ ಏಪ್ರಿಲ್ 26ರಂದು, ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಬೈಂದೂರಿನಲ್ಲಿ ಮೇ 7ರಂದು ಮತದಾನ. ಎಣಿಕೆ ಜೂನ್ 4ರಂದು. ಘೋಷಣೆಯಿಂದ ಎಣಿಕೆಗೆ 80 ದಿನ. ಕೋವಿ ಠೇವಣಿ ಇಟ್ಟವನ ತೋಟ ಅಷ್ಟು ಕಾಲ ಬರಿಗೈ. ಠೇವಣಿಯನ್ನು ಪೊಲೀಸ್ ಠಾಣೆಯಲ್ಲಿ ಮಾತ್ರವಲ್ಲ, ಪರವಾನಗಿಯಿರುವ ಅಂಗಡಿಯಲ್ಲೂ ಇಡಬಹುದು. ಆಗ ಅಂಗಡಿಯವರಿಗೆ ಕಾಯುವ ಹೊಣೆ ಹೆಚ್ಚುತ್ತದೆ, ತೋಟೆಯ ಮಾರಾಟ ಇಳಿಯುತ್ತದೆ. ವಿನಾಯಿತಿ ಬೇಕಾದವರು ಜಿಲ್ಲಾ ಪರಿಶೀಲನಾ ಸಮಿತಿಗೆ ಬೆಳೆ ನಷ್ಟದ ವಿವರದೊಂದಿಗೆ ಮೊದಲೇ ಅರ್ಜಿ ಕೊಡುವುದು ಲೇಸು.

ಗುರಿ ಅಭ್ಯಾಸದ ಮೈದಾನದ ಮಾತೂ ಹೀಗೆಯೇ. 2016ರ ನಿಯಮಗಳು ಹೊಸ ಪರವಾನಗಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. ಅಭ್ಯಾಸದ ಮೈದಾನಕ್ಕೂ ಪರವಾನಗಿ ಬೇಕು. ನಮ್ಮೂರಿನ ಗುಡ್ಡದ ಬದಿ ಸಾಲದೇ ಎನ್ನಬಹುದು. ಸಾಲದು. ಮುರಕಲ್ಲಿಗೆ ಬಡಿದ ಗುಂಡು ಚಿಮ್ಮಿ ಬರುವ ಅಪಾಯವಿದೆ. ಮರಳಿನ ಅಥವಾ ಸಡಿಲ ಮಣ್ಣಿನ ಎತ್ತರದ ದಿಬ್ಬ ಬೇಕು. ಮಳೆಗೆ ಕೊಚ್ಚಿಹೋದದ್ದನ್ನು ಪ್ರತಿವರ್ಷ ಕಟ್ಟಬೇಕು. ಇಷ್ಟು ಖರ್ಚನ್ನು ಒಬ್ಬ ಅಂಗಡಿಯವನು ಹೊರಲಾರ.

ಅಂಗಡಿ ಮುಚ್ಚಿದರೆ ನಷ್ಟ ನಮ್ಮದೇ. ತೋಟೆಗಾಗಿ ದೂರದ ಪೇಟೆಗೆ ಅಲೆಯಬೇಕಾಗುತ್ತದೆ. ಕೆಲವರು ಕಳ್ಳಕೋವಿಯ ದಾರಿ ಹಿಡಿದು ಜೈಲಿನ ಬಾಗಿಲು ಕಾಣಬೇಕಾಗುತ್ತದೆ. ಆದಕಾರಣ ಬೆಳೆಗಾರ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ. ಮುಗಿಯುವ ಎರಡು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿರಿ. ಮಳೆಗೆ ಮುನ್ನ ಕೋವಿಯನ್ನು ತೋರಿಸಿ ಎಣ್ಣೆ ಹಾಕಿಸಿರಿ. ತರಬೇತಿಗೆ ನಾಲ್ಕಾರು ಊರಿನವರು ಒಟ್ಟಾಗಿ ಹೊರಡಿರಿ.

ಕೊನೆಯದಾಗಿ ಒಂದು ಮಾತು: ಕೋವಿಯ ಪರವಾನಗಿಯು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮ ತೋಟದ ಬೇಲಿಯೊಳಗೂ ಅನ್ವಯಿಸುತ್ತದೆ. ಈಡು ಆಕಾಶಕ್ಕಿರಲಿ, ಸದ್ದು ಮಂಗನಿಗಿರಲಿ.