ಕಲ್ಲಿದ್ದಲು ಬಿಟ್ಟು ಉಕ್ಕು ಮಾಡುವ ಬಗೆ

ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲಿಗೆ ಎರಡು ಕೆಲಸ. ಒಂದು, ಉರಿದು ಶಾಖ ಕೊಡುವುದು. ಇನ್ನೊಂದು, ಅದಿರಿನೊಳಗೆ ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುವ ಆಮ್ಲಜನಕವನ್ನು ಕಿತ್ತು ತೆಗೆಯುವುದು. ಶಾಖವನ್ನು ಬೇರೆ ದಾರಿಯಿಂದಲೂ ತರಬಹುದು. ಎರಡನೆಯ ಕೆಲಸಕ್ಕೆ ಮಾತ್ರ ಇಂಗಾಲದ ಜಾಗದಲ್ಲಿ ಇನ್ನೊಂದು ವಸ್ತು ಬೇಕೇ ಬೇಕು. ಹಸಿರು ಉಕ್ಕಿನ ಹಲವು ಪ್ರಯತ್ನಗಳು ಹುಡುಕುತ್ತಿರುವುದು ಅದನ್ನೇ.

ಊದುಕುಲುಮೆಯೊಳಗೆ

ಬಳ್ಳಾರಿ, ಸಂಡೂರಿನ ಕೆಂಪು ಅದಿರು ಹೆಮಟೈಟ್. ಅದರಲ್ಲಿ ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳಿರುತ್ತವೆ. ಅದಿರು, ಕಲ್ಲಿದ್ದಲಿನಿಂದ ಮಾಡಿದ ಕೋಕ್, ಸುಣ್ಣಕಲ್ಲುಗಳನ್ನು ಕುಲುಮೆಯ ಬಾಯಿಂದ ಸುರಿದು ಬುಡದಿಂದ ಬಿಸಿಗಾಳಿ ಊದುತ್ತಾರೆ. ಕೋಕ್ ಉರಿದು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಬುಡದಲ್ಲಿ ಕರಗಿದ ಬೀಡುಕಬ್ಬಿಣ ಸಿಗುತ್ತದೆ. ಈ ವಿಧಾನದಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಜಗತ್ತಿನ ಒಟ್ಟು ಇಂಗಾಲದ ಹೊರಸೂಸುವಿಕೆಯಲ್ಲಿ ಉಕ್ಕಿನ ಪಾಲು ಶೇ. 7ರಿಂದ 8.

ಶಾಖ ಬೇರೆ, ಆಮ್ಲಜನಕ ತೆಗೆಯುವ ಕೆಲಸ ಬೇರೆ ಎಂಬುದಕ್ಕೆ ಭದ್ರಾವತಿಯೇ ಸಾಕ್ಷಿ. ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡಿನ ಮರವನ್ನು ಇದ್ದಿಲು ಮಾಡಿ ಕುಲುಮೆ ನಡೆಸಿದರು. 1950ರ ದಶಕದಲ್ಲಿ ಜೋಗದ ಜಲವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದವು. ಶಾಖವೇನೋ ಶರಾವತಿಯಿಂದ ಬಂತು, ಆದರೆ ಆಮ್ಲಜನಕ ತೆಗೆಯಲು ಇಂಗಾಲವನ್ನು ಹಾಕುವುದು ತಪ್ಪಲಿಲ್ಲ.

ಜಲಜನಕದ ಸರದಿ

ಅದಿರಿನ ಆಮ್ಲಜನಕವನ್ನು ಜಲಜನಕವೂ ಸೆಳೆಯಬಲ್ಲದು. ಆಗ ಹೊರಬರುವುದು ನೀರಿನ ಆವಿ. ಸುಮಾರು 800-900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದಿರಿನ ಉಂಡೆಗಳ ನಡುವೆ ಜಲಜನಕ ಹಾಯಿಸಿದರೆ, ಅವು ಕರಗದೆಯೇ ಆಮ್ಲಜನಕ ಕಳೆದುಕೊಂಡು ಸ್ಪಾಂಜ್ ಕಬ್ಬಿಣವಾಗುತ್ತವೆ. ಅದನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಉಕ್ಕು ಮಾಡಬಹುದು.

ಸ್ವೀಡನ್ನಿನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಉಕ್ಕು ತಯಾರಿಸುವ ಎಸ್‌ಎಸ್‌ಎಬಿ, ಗಣಿ ಕಂಪನಿ ಎಲ್‌ಕೆಎಬಿ, ವಿದ್ಯುತ್ ಕಂಪನಿ ವ್ಯಾಟನ್‌ಫಾಲ್ ಸೇರಿ 2016ರಲ್ಲಿ ಹೈಬ್ರಿಟ್ ಯೋಜನೆ ಕೈಗೆತ್ತಿಕೊಂಡವು. ಲೂಲಿಯೊ ಪಟ್ಟಣದ ಪ್ರಾಯೋಗಿಕ ಘಟಕ 2020ರಲ್ಲಿ ಆರಂಭವಾಯಿತು. 2021ರ ಆಗಸ್ಟಿನಲ್ಲಿ ಇಲ್ಲಿನ ಕಬ್ಬಿಣದಿಂದ ತಯಾರಾದ ಮೊದಲ ಉಕ್ಕು ವೋಲ್ವೊ ಕಂಪನಿಯ ಕೈಸೇರಿತು. ಮರುವರ್ಷ ಅಲ್ಲೇ, ಜಲಜನಕವನ್ನು ಕೂಡಿಡಲು ನೆಲದಾಳದ ಬಂಡೆಯಲ್ಲಿ ಉಕ್ಕಿನ ಒಳಕವಚವಿರುವ 100 ಘನ ಮೀಟರಿನ ಗುಹೆಯನ್ನು ಬಳಕೆಗೆ ತಂದರು. ಗಾಳಿ ಚೆನ್ನಾಗಿ ಬೀಸಿ ವಿದ್ಯುತ್ ಅಗ್ಗವಾದಾಗ ಜಲಜನಕ ತಯಾರಿಸಿಟ್ಟುಕೊಂಡು, ಗಾಳಿ ಇಳಿದಾಗ ಬಳಸುವ ಉಪಾಯ ಅದು. ಉತ್ತರ ಸ್ವೀಡನ್ನಿಗೆ ತುಂಬಿ ಹರಿಯುವ ನದಿಗಳ ಜಲವಿದ್ಯುತ್ತೂ ಇದೆ, ಉತ್ತಮ ದರ್ಜೆಯ ಅದಿರೂ ಇದೆ.

ವಿದ್ಯುತ್ತಿನ ಲೆಕ್ಕ

ಈ ಎರಡೂ ಅನುಕೂಲ ಇಲ್ಲದ ಕಡೆ ಏನಾಗುತ್ತದೆ? ಒಂದು ಟನ್ ಕಬ್ಬಿಣಕ್ಕೆ ಸುಮಾರು 54 ಕೆ.ಜಿ. ಜಲಜನಕ ಬೇಕು. ನೀರನ್ನು ಒಡೆದು ಒಂದು ಕೆ.ಜಿ. ಜಲಜನಕ ಪಡೆಯಲು 50 ಯುನಿಟ್ಟಿನಷ್ಟು ವಿದ್ಯುತ್ ಖರ್ಚಾಗುತ್ತದೆ. ಕರಗಿಸುವ ಕೆಲಸವೂ ಸೇರಿದರೆ ಒಂದು ಟನ್ ಉಕ್ಕಿಗೆ ಸುಮಾರು 3,500 ಯುನಿಟ್. ಭಾರತದ ಗ್ರಿಡ್ಡಿನ ಬಹುಪಾಲು ವಿದ್ಯುತ್ ಕಲ್ಲಿದ್ದಲಿನಿಂದಲೇ ಬರುವುದರಿಂದ ಒಂದು ಯುನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗುಣಿಸಿ ನೋಡಿ: ಸುಮಾರು 2,450 ಕೆ.ಜಿ. ಊದುಕುಲುಮೆಗಿಂತ ಇದೇನೂ ಕಡಿಮೆಯಲ್ಲ. ಗ್ರಿಡ್ಡಿನ ವಿದ್ಯುತ್ತಿನಿಂದ ಜಲಜನಕ ಮಾಡಿದರೆ ಹೊಗೆ ನಿಲ್ಲುವುದಿಲ್ಲ, ಕಾರ್ಖಾನೆಯ ಚಿಮಣಿಯಿಂದ ವಿದ್ಯುತ್ ಸ್ಥಾವರದ ಚಿಮಣಿಗೆ ಹೋಗುತ್ತದೆ, ಅಷ್ಟೆ.

ಸೌರಶಕ್ತಿಯಿಂದ ಮಾಡಬಹುದಲ್ಲ ಎನ್ನಬಹುದು. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ ಸುಮಾರು 13,000 ಎಕರೆಯಲ್ಲಿ ಹರಡಿದೆ. ವರ್ಷಕ್ಕೆ ಅದು ಕೊಡುವುದು ಸ್ಥೂಲವಾಗಿ 400 ಕೋಟಿ ಯುನಿಟ್. ಅಷ್ಟನ್ನೂ ಉಕ್ಕಿಗೇ ಸುರಿದರೂ ತಯಾರಾಗುವುದು ಹತ್ತು ಲಕ್ಷ ಟನ್ನಿಗಿಂತ ತುಸು ಹೆಚ್ಚು. ತೋರಣಗಲ್ಲಿನ ಒಂದೇ ಕಾರ್ಖಾನೆಯ ವಾರ್ಷಿಕ ಸಾಮರ್ಥ್ಯ 1.2 ಕೋಟಿ ಟನ್ನಿಗೂ ಮಿಗಿಲು.

ಇನ್ನೊಂದು ತೊಡಕು ಅದಿರಿನದು. ಜಲಜನಕದ ಈ ವಿಧಾನಕ್ಕೆ ಶೇ. 67ರಷ್ಟು ಕಬ್ಬಿಣವಿರುವ ಉಂಡೆಗಳಾದರೆ ಒಳ್ಳೆಯದು. ನಮ್ಮ ಅದಿರಿನಲ್ಲಿ ಕಬ್ಬಿಣದ ಅಂಶ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, ಅಲ್ಯೂಮಿನಾ ಹೆಚ್ಚು. ಅದಿರನ್ನು ಪುಡಿಮಾಡಿ, ತೊಳೆದು, ಶುದ್ಧೀಕರಿಸಿ ಉಂಡೆ ಕಟ್ಟುವ ಕೆಲಸ ಮೊದಲು ಆಗಬೇಕು.

ನಮ್ಮ ಮುಂದಿರುವ ದಾರಿ

ಚೀನಾದ ನಂತರ ಅತಿ ಹೆಚ್ಚು ಉಕ್ಕು ತಯಾರಿಸುವ ದೇಶ ಭಾರತ. ಸ್ಪಾಂಜ್ ಕಬ್ಬಿಣದಲ್ಲಿ ನಾವೇ ಮೊದಲು. ಆದರೆ ಅದರ ಬಹುಪಾಲು ತಯಾರಾಗುವುದು ಕಲ್ಲಿದ್ದಲಿನಿಂದ. ಬಳ್ಳಾರಿ, ಕೊಪ್ಪಳದ ಹಳ್ಳಿಗಳಿಗೆ ಈ ಕಾರ್ಖಾನೆಗಳ ಕರಿದೂಳು ಹೊಸದಲ್ಲ. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಹಸಿರು ಉಕ್ಕಿಗೆ ಅಳತೆಗೋಲು ನಿಗದಿ ಮಾಡಿತು. ಒಂದು ಟನ್ ಉಕ್ಕಿಗೆ ಹೊರಸೂಸುವಿಕೆ 2.2 ಟನ್ನಿಗಿಂತ ಕಡಿಮೆಯಿದ್ದರೆ ಮಾತ್ರ ಆ ಹೆಸರು, 1.6ಕ್ಕಿಂತ ಕಡಿಮೆಯಾದರೆ ಐದು ನಕ್ಷತ್ರ. ಯುರೋಪ್ ಒಕ್ಕೂಟವೂ ಆಮದು ಉಕ್ಕಿನ ಇಂಗಾಲಕ್ಕೆ ಬೆಲೆ ಕಟ್ಟುವ ವ್ಯವಸ್ಥೆಯನ್ನು 2026ರ ಜನವರಿಯಿಂದ ಜಾರಿಗೆ ತಂದಿದೆ. ಹೊಗೆಯ ಲೆಕ್ಕ ಇಡದ ಕಾರ್ಖಾನೆಗೆ ಆ ಮಾರುಕಟ್ಟೆ ದುಬಾರಿಯಾಗಲಿದೆ.

ಜಲಜನಕ ಅಗ್ಗವಾಗಲಿ ಎಂದು ಕಾಯುತ್ತ ಕೂರಬೇಕಿಲ್ಲ. ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಅದಿರಿನಿಂದ ಆಮ್ಲಜನಕ ತೆಗೆಯುವ ಪ್ರಶ್ನೆಯೇ ಇಲ್ಲ. ಹಳೆಯ ವಾಹನ, ಯಂತ್ರಗಳನ್ನು ಕ್ರಮವಾಗಿ ಸಂಗ್ರಹಿಸಿ ವಿಂಗಡಿಸುವ ವ್ಯವಸ್ಥೆ ಈಗಿನಿಂದಲೇ ಬೆಳೆಯಬೇಕು. ನಮ್ಮ ಕಟ್ಟಡ, ಸೇತುವೆಗಳಲ್ಲಿ ಹೆಚ್ಚಿನವು ಹೊಸವು, ಅವುಗಳ ಉಕ್ಕು ಗುಜರಿಯಾಗಿ ಮರಳಲು ದಶಕಗಳು ಬೇಕು. ಅಲ್ಲಿಯವರೆಗೆ ಅದಿರಿನ ಉಕ್ಕು ಅನಿವಾರ್ಯ. ಆದ್ದರಿಂದ ಹೊಸ ಊದುಕುಲುಮೆಗೆ ಅನುಮತಿ ಕೊಡುವ ಮುನ್ನ ಸರ್ಕಾರ ಗಟ್ಟಿಯಾಗಿ ಯೋಚಿಸಬೇಕು. ಇಂದು ಕಟ್ಟಿದ ಕುಲುಮೆ ಹಲವು ದಶಕ ಕಲ್ಲಿದ್ದಲು ಕೇಳುತ್ತಲೇ ಇರುತ್ತದೆ. ಯಾವುದೇ ಕಂಪನಿ ತನ್ನ ಉಕ್ಕು ಹಸಿರು ಎಂದಾಗ ನಾವು ಮೊದಲು ಕೇಳಬೇಕಾದದ್ದು, ಅದಕ್ಕೆ ಬಳಸಿದ ವಿದ್ಯುತ್ ಎಲ್ಲಿಂದ ಬಂತು ಎಂಬುದನ್ನೇ.